ಸರಸ್ವತಿಪುರಂನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಇಲಿಯಡ್

ಮೈಸೂರಿನ ಸರಸ್ವತಿಪುರಂನ ಹಳೇ ಪುಸ್ತಕದಂಗಡಿಯೊಂದರಲ್ಲಿ ಗ್ರೀಕ್ ಕವಿ ಹೋಮರನ ಮಹಾಕಾವ್ಯ ಇಲಿಯಡ್‌ನ ಇಂಗ್ಲಿಷ್ ಅನುವಾದ 180 ರೂಪಾಯಿಗೆ ಸಿಕ್ಕಿತು. ಬೈಂಡಿಂಗ್ ಸಡಿಲ. ಎರಡನೇ ಕಾಂಡದ ಕೆಲವು ಹಾಳೆಗಳೇ ಇಲ್ಲ. ಕೊಡುವಾಗ ಹೇಳಬೇಕಿತ್ತು, ಅಲ್ವಾ? ಪುಣ್ಯಕ್ಕೆ ಹೋಗಿರುವುದು ಹಡಗುಗಳ ಪಟ್ಟಿ. ಟ್ರಾಯ್ ನಗರದ ಮೇಲೆ ಯುದ್ಧಕ್ಕೆ ಗ್ರೀಕರ ಯಾವ ಊರಿಂದ ಎಷ್ಟು ಹಡಗು ಬಂತು ಅನ್ನೋ ಲೆಕ್ಕ. ಇದ್ದಿದ್ದರೂ ನಾನು ಹಾರಿಸುತ್ತಿದ್ದೆ.

ಗ್ರೀಕರು ಒಳಗೆ ಅಡಗಿ ಟ್ರಾಯ್‌ಗೆ ನುಗ್ಗಿದ ಮರದ ಕುದುರೆ ಆಸೆಗೆ ಕೊಳ್ಳುವವರು ಗಮನಿಸಿ: ಅದು ಇದರಲ್ಲಿಲ್ಲ, ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಬರುತ್ತದೆ. ಗ್ರೀಕ್ ವೀರ ಅಕಿಲೀಸನ ಹಿಮ್ಮಡಿಗೆ ಬಾಣ ಬೀಳುವುದೂ ಇಲ್ಲ. ಹತ್ತು ವರ್ಷದ ಯುದ್ಧದಲ್ಲಿ ಹೋಮರ್ ಹೇಳುವುದು ಕೊನೆಯ ವರ್ಷದ ಕೆಲವೇ ವಾರಗಳ ಕಥೆ. ಆದರೆ 24ನೇ ಕಾಂಡ ಒಂದಕ್ಕೇ ದುಡ್ಡು ವಸೂಲಿ. ಮಗ ಹೆಕ್ಟರನನ್ನು ಕೊಂದ ಅಕಿಲೀಸನ ಕೈಗೇ ಟ್ರಾಯ್‌ನ ಮುದುಕ ರಾಜ ಪ್ರಿಯಮ್ ಮುತ್ತಿಟ್ಟು ಹೆಣ ಕೇಳುತ್ತಾನೆ. ಇಬ್ಬರೂ ಅಳುತ್ತಾರೆ. ಪ್ರಿಯಮ್ ಮಗನಿಗಾಗಿ, ಅಕಿಲೀಸ್ ಊರಲ್ಲಿರುವ ತಂದೆಗಾಗಿ, ಸತ್ತ ಗೆಳೆಯ ಪೆಟ್ರೋಕ್ಲಸ್‌ಗಾಗಿ. ಆಮೇಲೆ ಒಟ್ಟಿಗೆ ಊಟ! ಗದುಗಿನ ಭಾರತ ಕೇಳಿ ಬೆಳೆದ ನನ್ನಂಥವನಿಗೂ ಮೈ ಜುಂ ಅಂದಿತು.

ಅಂಗಡಿಯಲ್ಲಿ ಸಂಜೆ ರಶ್ ಜಾಸ್ತಿ, ಕೂತು ನೋಡಲು ಸ್ಟೂಲೂ ಇಲ್ಲ. ಯುಪಿಐ ನಡೆಯುತ್ತದೆ. ಸುಮ್ನೆ ಮುಖಪುಟ ನೋಡಿ ತರಬೇಡಿ, ಹಾಳೆ ತಿರುವಿ ನೋಡಿ. ಐದಕ್ಕೆ ಮೂರೂವರೆ ಸ್ಟಾರ್.