ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಡಿಗ್ರಿ ಮುಗಿಸಿ ಚಿಕ್ಕಮಗಳೂರಲ್ಲೇ ಇರಬೇಕು ಅನ್ನೋ ಹುಡುಗ ಹುಡುಗಿಯರಿಗೆ ಹೋಂಸ್ಟೇ, ರೆಸಾರ್ಟ್ ಕೆಲಸವೇ ಗತಿ. ಅಲ್ಲಿ ಮೊದಲು ಕೇಳುವುದೇ ಇಂಗ್ಲಿಷ್. ಇದನ್ನು ನೋಡಿಕೊಂಡೇ ಕೆಲವರು ಕ್ಲಾಸ್ ತೆರೆದಿದ್ದಾರೆ. ಎಲ್ಲವೂ ಕೆಟ್ಟವು ಅನ್ನಲ್ಲ. ನನ್ನ ತಂಗಿ ಸೇರಿದ್ದು ಮಾತ್ರ ಶುದ್ಧ ಲೂಟಿ. ಹೆಸರು ಹಾಕಲ್ಲ, ಲಕ್ಷಣ ಹೇಳುತ್ತೇನೆ.

ಡೆಮೊ ಕ್ಲಾಸಿನ ಮೇಷ್ಟ್ರು ಚೆನ್ನಾಗಿ ಮಾತಾಡಿದರು, ನಗಿಸಿದರು. ದುಡ್ಡು ಕಟ್ಟಿದ ಮೇಲೆ ಅವರ ಮುಖ ಮತ್ತೆ ಕಾಣಲಿಲ್ಲ. ಒಂಬತ್ತು ಸಾವಿರ ಫೀಸು, ಪೂರ್ತಿ ಮೊದಲೇ. ಬಿಲ್ ಕೇಳಿದರೆ ಒಂದು ಚೀಟಿ, ಅದರ ಮೇಲೆ 'ಕಟ್ಟಿದ ಹಣ ವಾಪಸ್ ಇಲ್ಲ' ಅನ್ನೋ ಸೀಲು. ಕೈಗೊಂದು ಜೆರಾಕ್ಸ್ ಪುಸ್ತಕ: ಸಾವಿರ ಇಡಿಯಮ್ಸ್, ಅಂದರೆ ನುಡಿಗಟ್ಟು, ಎದುರಿಗೆ ಕನ್ನಡ ಅರ್ಥ. ಬಾಯಿಪಾಠ ಮಾಡಿ ಮಾರನೇ ದಿನ ಒಪ್ಪಿಸಬೇಕು. ಕ್ಲಾಸ್ ಅಂದರೆ ಅಷ್ಟೇ. ಮಾತಾಡಿಸುವುದು ಇಲ್ಲವೇ ಇಲ್ಲ.

ಆ ಪುಸ್ತಕದಲ್ಲಿ 'ಕಿಕ್ ದ ಬಕೆಟ್' ಎದುರಿಗೆ 'ತೀರಿಕೊಳ್ಳುವುದು' ಅಂತ ಇತ್ತು. ಬೇರೆ ಒಂದಕ್ಷರ ಇಲ್ಲ. ನಮ್ಮಜ್ಜಿ ಹೋದಾಗ ತಂಗಿ ರಜೆ ಕೇಳಿ ರೆಸಾರ್ಟ್ ಮ್ಯಾನೇಜರಿಗೆ ಅದನ್ನೇ ಬರೆದಳು. ಇಂಗ್ಲಿಷಿನಲ್ಲಿ ಅದು ತಮಾಷೆಯ ಮಾತು. ನಾವು 'ಅಜ್ಜಿ ಗೊಟಕ್ ಅಂದರು, ರಜೆ ಕೊಡಿ' ಅಂತ ಅರ್ಜಿ ಬರೆದ ಹಾಗೆ. ಆ ಪುಣ್ಯಾತ್ಮ ಅದನ್ನು ಸ್ಟಾಫ್ ಗ್ರೂಪಿಗೆ ಹಾಕಿ ನಕ್ಕ. ಸಾವಿನ ಮನೆಯಲ್ಲಿ ಕೂತು ಅವಳು ಅದನ್ನು ನೋಡಿದಳು. ಅವನ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

'ಬ್ರೇಕ್ ಎ ಲೆಗ್' (ಪದಕ್ಕೆ ಪದ ನೋಡಿದರೆ 'ಕಾಲು ಮುರಿದುಕೋ') ಎದುರಿಗೆ 'ಶುಭವಾಗಲಿ'. ಅದನ್ನು ಹೇಳುವುದು ಮುಖ್ಯವಾಗಿ ವೇದಿಕೆ ಹತ್ತುವವರಿಗೆ. ಈ ಪುಸ್ತಕ ನಂಬಿದವರು ಮಂಡಿ ಆಪರೇಷನ್‌ಗೆ ಹೊರಟವರಿಗೂ ಹೇಳಿಯಾರು! 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್', ಅಂದರೆ ಜೋರು ಮಳೆ, ಮೊದಲ ಪುಟದಲ್ಲೇ ಇದೆ. ಇಂಗ್ಲಿಷಿನವರೇ ಈಗ ಸುಮ್ನೆ 'ಪೋರಿಂಗ್' ಅಂದು ಮುಗಿಸುವುದು ಜಾಸ್ತಿ. ಗೆಸ್ಟ್ ಫೋನ್ ಮಾಡಿ 'ವಿ ಆರ್ ರನ್ನಿಂಗ್ ಲೇಟ್' (ಬರೋದು ತಡವಾಗುತ್ತೆ) ಅಂದರೆ, 'ಕ್ಯಾನ್ ಯು ಪಿಕ್ ಅಸ್ ಅಪ್' (ಬಂದು ಕರ್ಕೊಂಡು ಹೋಗ್ತೀರಾ) ಅಂದರೆ ಏನು ಮಾಡಬೇಕು? ಅದು ಪುಸ್ತಕದಲ್ಲಿಲ್ಲ. ಸರಿಯಾಗಿ ಕೇಳಿಸದಿದ್ದರೆ 'ಕುಡ್ ಯು ಸೇ ದಟ್ ಅಗೇನ್' ಅನ್ನುವುದನ್ನೂ ಕಲಿಸಲಿಲ್ಲ. ದಿನಾ ಬೇಕಾಗೋದು ಇವೇ ಅಲ್ವಾ?

ಸೇರುವವರು ಡೆಮೊ ನೋಡಿ ಮರುಳಾಗಬೇಡಿ. ನಡೆಯುತ್ತಿರುವ ಬ್ಯಾಚಿನಲ್ಲಿ ಒಂದು ಗಂಟೆ ಕೂರಲು ಬಿಡಿ ಅಂತ ಕೇಳಿ. ಮೇಷ್ಟ್ರು ಜಾಸ್ತಿ ಮಾತಾಡುತ್ತಾರೋ, ಕಲಿಯುವವರೋ ನೋಡಿ. ಫೀಸು ತಿಂಗಳು ತಿಂಗಳು ಕಟ್ಟುತ್ತೇವೆ ಅನ್ನಿ. 'ಕೆಲಸ ಗ್ಯಾರಂಟಿ' ಅಂದರೆ ಬರೆದುಕೊಡಿ ಅನ್ನಿ, ಮಾತೇ ನಿಲ್ಲುತ್ತದೆ. ಹೊಸ ನುಡಿಗಟ್ಟು ಸಿಕ್ಕರೆ ಕೇಂಬ್ರಿಡ್ಜ್ ಡಿಕ್ಷನರಿಯ ವೆಬ್‌ಸೈಟಿನಲ್ಲಿ ಹುಡುಕಿ. ಅದು ಉಚಿತ. 'ಇನ್‌ಫಾರ್ಮಲ್' (ಸಲುಗೆಯ ಮಾತು), 'ಓಲ್ಡ್ ಫ್ಯಾಷನ್ಡ್' (ಹಳೇ ಕಾಲದ್ದು) ಅಂತ ಪಕ್ಕದಲ್ಲೇ ಗುರುತು ಹಾಕಿರುತ್ತಾರೆ.

ಈಗಾಗಲೇ ದುಡ್ಡು ಕಟ್ಟಿದ್ದರೆ ಚೀಟಿ, ಪಾಂಪ್ಲೆಟ್, ವಾಟ್ಸಾಪ್ ಮೆಸೇಜು ಯಾವುದನ್ನೂ ಬಿಸಾಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದಿರುವುದೂ ತಪ್ಪು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2 ವರ್ಷದೊಳಗೆ ದೂರು ಕೊಡಬೇಕು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ.

ನಾವು 1915ಕ್ಕೆ ದೂರು ಕೊಟ್ಟ ಮೇಲೆ ಅರ್ಧ ದುಡ್ಡು ಕೊಡಲು ಒಪ್ಪಿದ್ದಾರೆ. ಅದಕ್ಕೂ ಮುಂಚೆ ಆ ಜೆರಾಕ್ಸ್ ಪುಸ್ತಕ ವಾಪಸ್ ಕೊಡಬೇಕಂತೆ.