ತಿಂಗಳಿಗೆ 500 ಕಿಲೋಮೀಟರ್ ಓಡಿಸೋರು ಡೀಸೆಲ್ ಕಾರಿಗೆ ಬುಕಿಂಗ್ ಕೊಡೋ ಮುಂಚೆ ಇದನ್ನ ಓದಿ

ಇದನ್ನು ಬರೆಯಲೋ ಬೇಡವೋ ಅಂತ ಎರಡು ತಿಂಗಳು ಸುಮ್ನಿದ್ದೆ. ಬರೆದರೆ ನಾನು ಹೇಗೆ ಮೋಸ ಹೋದೆ ಅಂತ ಎಲ್ಲರಿಗೂ ಗೊತ್ತಾಗುತ್ತೆ ಅನ್ನೋ ನಾಚಿಕೆ. ಆದರೆ ಮೊನ್ನೆ ನಮ್ಮ ಆಫೀಸಿನಲ್ಲೇ ಒಬ್ಬರು ನನಗೆ ಡೀಸೆಲ್ ಕಾರು ಮಾರಿದ ಅದೇ ಶೋರೂಮಿಗೆ ಹೋಗಿ ಡೀಸೆಲ್ ಗಾಡಿಗೆ ಅಡ್ವಾನ್ಸ್ ಕೊಟ್ಟು ಬಂದರು. ಅವರ ಮನೆಯಿಂದ ಆಫೀಸಿಗೆ ನಾಲ್ಕು ಕಿಲೋಮೀಟರ್ ಅಷ್ಟೇ. ಅವರಿಗೂ ಅದೇ ಮಾತು ಹೇಳಿದ್ದಾರೆ. ಅಕ್ಷರಕ್ಕೆ ಅಕ್ಷರ ಅದೇ ಮಾತು. ಇನ್ನು ಸುಮ್ನಿರೋಕೆ ಆಗಲ್ಲ.

ಶೋರೂಮ್ ಹೆಸರು, ಕಾರಿನ ಹೆಸರು ಎರಡೂ ಬರೆಯಲ್ಲ. ದೂರು ಕೊಟ್ಟಿದ್ದೇನೆ, ಅದು ಅದರ ಪಾಡಿಗೆ ನಡೆಯಲಿ. ಮತ್ತೆ ಗಾಡಿ ಕೆಟ್ಟದ್ದು ಅಂತಲೂ ನಾನು ಹೇಳ್ತಿಲ್ಲ. ಗಾಡಿ ಚೆನ್ನಾಗಿದೆ. ನನಗೆ ಆ ಗಾಡಿಯನ್ನು ಮಾರಿದ ರೀತಿ ಇದೆಯಲ್ಲ, ಅದು ಮೋಸ.

ನಮ್ಮ ಮನೆ ಮೈಸೂರಿನ ಕುವೆಂಪುನಗರ. ಮನೆಯಲ್ಲಿ ಐದು ಜನ. ಹನ್ನೆರಡು ವರ್ಷ ಹಳೇ ಸ್ವಿಫ್ಟ್ ಡೀಸೆಲ್ ಓಡಿಸಿದ್ದೆ. ಆಗ ನನ್ನದು ಹಾಸನ, ಮಡಿಕೇರಿ, ಚಾಮರಾಜನಗರ ಅಂತ ತಿರುಗೋ ಕೆಲಸ. ಆ ಗಾಡಿ ಒಂದು ದಿನವೂ ಕೈ ಕೊಡಲಿಲ್ಲ. ಎಣ್ಣೆ ಹಾಕು, ಓಡಿಸು, ಅಷ್ಟೇ. ಡೀಸೆಲ್ ಅಂದ್ರೆ ಹಾಗೇ ಇರುತ್ತೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ಅಪ್ಪನಿಗೆ ಮಂಡಿನೋವು ಜಾಸ್ತಿಯಾಗಿ ತಗ್ಗಿನ ಸೀಟಿನಿಂದ ಏಳೋಕೆ ಕಷ್ಟ ಆಗ್ತಿತ್ತು. ಅದಕ್ಕೇ ಸ್ವಲ್ಪ ಎತ್ತರದ ಕಾರು, ಹಿಂದೆ ಮೂರು ಜನ ಆರಾಮಾಗಿ ಕೂರೋ ಥರದ್ದು ಬೇಕಿತ್ತು. ಮೂರು ಶೋರೂಮ್ ತಿರುಗಿದೆವು. ಎರಡು ಕಡೆ ಪೆಟ್ರೋಲ್ ಸಾಕು ಅಂದರು. ಮೂರನೇ ಕಡೆ ಮಾತ್ರ ಡೀಸೆಲ್ ಅಂದರು. ಅಲ್ಲೇ ನಾವು ಬಿದ್ದೆವು.

ನಾನು ಏನನ್ನೂ ಮುಚ್ಚಿಡಲಿಲ್ಲ. ಇದನ್ನು ಗಮನಿಸಿ. ಮೊದಲನೇ ದಿನವೇ ಆ ಸೇಲ್ಸ್ ಹುಡುಗನಿಗೆ ಹೇಳಿದೆ. ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡೋದು, ಮೂರು ಕಿಲೋಮೀಟರ್. ಅಲ್ಲಿಂದ ಆಫೀಸು, ಇನ್ನು ಐದು. ಸಂಜೆ ವಾಪಸ್ಸು. ತಿಂಗಳಿಗೆ 500 ದಾಟಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಸಲ ಊರಿಗೆ ಹೋಗ್ತೀವಿ. ಇಷ್ಟನ್ನೂ ಹೆಂಡತಿ ಪಕ್ಕದಲ್ಲಿ ಕೂತಾಗಲೇ ಹೇಳಿದ್ದು.

ಅದಕ್ಕೆ ಅವನು ಹೇಳಿದ್ದು ಇದು: "ಸರ್, ಫ್ಯಾಮಿಲಿ ಗಾಡಿ. ಐದು ಜನ, ಲಗೇಜು, ಏಸಿ. ಪೆಟ್ರೋಲ್ ಎಳೆಯಲ್ಲ ಸರ್. ನೀವು ಡೀಸೆಲ್ ಓಡಿಸಿ ರೂಢಿ ಇರೋರು, ಪೆಟ್ರೋಲ್ ತಗೊಂಡ್ರೆ ಬೇಜಾರಾಗ್ತೀರಿ."

ಆಮೇಲೆ ಬ್ರೋಷರ್ ತಿರುಗಿಸಿ, ಹಿಂದಿನ ಪುಟದಲ್ಲಿ ಪೆನ್ನಿನಿಂದ ಲೆಕ್ಕ ಬರೆದ. ನೀಲಿ ಪೆನ್ನು. ಎಡಗಡೆ P, ಬಲಗಡೆ D. ಮೈಲೇಜು ಇಷ್ಟು, ಎಣ್ಣೆ ಬೆಲೆ ಇಷ್ಟು, ತಿಂಗಳಿಗೆ ಉಳಿತಾಯ ಇಷ್ಟು. ಕೊನೆಗೆ ಒಂದು ಗೆರೆ ಎಳೆದು, "ಎರಡೂವರೆ ವರ್ಷದಲ್ಲಿ ಎಕ್ಸ್ಟ್ರಾ ಕೊಟ್ಟ ದುಡ್ಡು ವಾಪಸ್ ಬಂತು ಸರ್. ಆಮೇಲೆಲ್ಲ ನಿಮಗೆ ಲಾಭಾನೇ" ಅಂದ. ಅಪ್ಪ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಪೆಟ್ರೋಲಿಗೆ ಮೂರು ತಿಂಗಳು ವೇಟಿಂಗ್, ಡೀಸೆಲ್ ಆದರೆ ಯುಗಾದಿಗೆ ಮನೆ ಮುಂದೆ ಅಂದರು. ಅವತ್ತೇ ಅಡ್ವಾನ್ಸ್ ಕೊಟ್ಟೆವು.

ಡಿಪಿಎಫ್ ಅನ್ನೋ ಪದ ಆ ಶೋರೂಮಿನಲ್ಲಿ ಒಬ್ಬರ ಬಾಯಲ್ಲೂ ಬರಲಿಲ್ಲ. ಒಬ್ಬರ ಬಾಯಲ್ಲೂ.

ಗೊತ್ತಿಲ್ಲದೋರಿಗೆ ಹೇಳಿಬಿಡ್ತೀನಿ. 2020ರ ಏಪ್ರಿಲ್‌ನಿಂದ ಗಾಡಿಗಳ ಹೊಗೆಗೆ ಮಿತಿ ಹಾಕೋ ಬಿಎಸ್6 ನಿಯಮ ಬಂತು. ಅಂದಿನಿಂದ ಡೀಸೆಲ್ ಕಾರುಗಳ ಹೊಗೆ ಕೊಳವೆಯ ದಾರಿಯಲ್ಲಿ ಒಂದು ಫಿಲ್ಟರ್ ಇರುತ್ತೆ. ಅದೇ ಡಿಪಿಎಫ್. ಎಂಜಿನ್ನಿಂದ ಬರೋ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತೆ. ಹಿಡಿದ ಮಸಿ ತುಂಬ್ತಾ ಬಂದಾಗ ಗಾಡಿಯೇ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿ ತನಕ ಕಾಯಿಸಿ, ಮಸಿಯನ್ನು ಸುಟ್ಟು ಬೂದಿ ಮಾಡುತ್ತೆ. ಇದಕ್ಕೆ ರೀಜನರೇಷನ್ ಅಂತಾರೆ. ಅದು ಮುಗಿಯಬೇಕಾದರೆ ಗಾಡಿ ಒಂದೇ ಸಮನೆ, ನಿಲ್ಲಿಸದೆ, ಹದಿನೈದು ಇಪ್ಪತ್ತು ನಿಮಿಷ ಒಳ್ಳೇ ಸ್ಪೀಡಿನಲ್ಲಿ ಓಡಬೇಕು. ಮೂರು ಕಿಲೋಮೀಟರ್ ಸ್ಕೂಲಿನ ದಾರಿಯಲ್ಲಿ ಎಂಜಿನ್ ಸರಿಯಾಗಿ ಬಿಸಿ ಕೂಡ ಆಗಲ್ಲ. ಅರ್ಧಕ್ಕೆ ಗಾಡಿ ಆಫ್ ಮಾಡ್ತೀವಿ. ಮಸಿ ಹಾಗೇ ಉಳಿಯುತ್ತೆ. ಸುಡಲಿ ಅಂತ ಬಿಟ್ಟ ಡೀಸೆಲ್ಲು ಇಳಿದು ಎಂಜಿನ್ ಆಯಿಲ್ ಜೊತೆ ಸೇರುತ್ತೆ. ನನ್ನ ಹಳೇ ಸ್ವಿಫ್ಟ್‌ನಲ್ಲಿ ಈ ಫಿಲ್ಟರೇ ಇರಲಿಲ್ಲ. ಅದಕ್ಕೇ ಅದು ಹೇಗೆ ಓಡಿಸಿದರೂ ಓಡ್ತಿತ್ತು.

ಮಾರುತಿಯವರು 2020ರಲ್ಲೇ ಡೀಸೆಲ್ ಕಾರು ನಿಲ್ಲಿಸಿದರು. ಹೋಂಡಾದವರು 2023ರಲ್ಲಿ ಬಿಟ್ಟರು. ಇಷ್ಟು ದೊಡ್ಡ ಕಂಪನಿಗಳು ಯಾಕೆ ಬಿಟ್ಟವು ಅಂತ ನಾನು ಒಂದು ಸಲ ಯೋಚಿಸಬೇಕಿತ್ತು ಅಲ್ವಾ? ಯೋಚಿಸಲಿಲ್ಲ.

ಜೂನ್ ಹೊತ್ತಿಗೆ ಶುರುವಾಯ್ತು. ಗೇಟಿನ ಮುಂದೆ ನಿಲ್ಲಿಸಿ ಆಫ್ ಮಾಡಿದರೆ ಮುಂದುಗಡೆ ಫ್ಯಾನು ಗೊರ್ರ್ ಅಂತ ಓಡ್ತಾನೇ ಇರ್ತಿತ್ತು. ಸುಟ್ಟ ವಾಸನೆ. ಹೆಂಡತಿ ಎರಡು ಸಲ ಹೇಳಿದಳು, "ರೀ, ಏನೋ ಸುಡ್ತಾ ಇದೆ ನೋಡಿ" ಅಂತ. ಸೇಲ್ಸ್ ಹುಡುಗನಿಗೆ ಫೋನ್ ಮಾಡಿದೆ. "ಹೊಸ ಗಾಡಿ ಸರ್, ಸ್ವಲ್ಪ ದಿನ ವಾಸನೆ ಇರುತ್ತೆ. ಅದು ಏಸಿ ಫ್ಯಾನು" ಅಂದ. ಏಸಿ ಹಾಕಿರಲೇ ಇಲ್ಲ ಕಣಪ್ಪಾ ಅಂದೆ. "ಏನೂ ಆಗಲ್ಲ ಸರ್, ಟೆನ್ಷನ್ ಮಾಡ್ಕೋಬೇಡಿ."

ಅವತ್ತು ಅದು ಮಸಿ ಸುಡ್ತಿತ್ತು. ನಾನು ದಿನಾ ಅರ್ಧದಲ್ಲೇ ಆಫ್ ಮಾಡ್ತಿದ್ದೆ. "ಸರ್, ಆಫ್ ಮಾಡಬೇಡಿ, ರಿಂಗ್ ರೋಡಿನಲ್ಲಿ ಒಂದು ರೌಂಡ್ ಹೋಗಿ ಬನ್ನಿ" ಅಂತ ಅವನು ಒಂದೇ ಒಂದು ಮಾತು ಹೇಳಿದ್ದರೆ ಮುಂದಿನದು ಯಾವುದೂ ಆಗ್ತಿರಲಿಲ್ಲ.

ಆಗಸ್ಟ್‌ನಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬಂತು. ಎರಡು ದಿನ ಬಿಟ್ಟು ತಾನೇ ಹೋಯ್ತು. ಮತ್ತೆ ಬಂತು. ಸರ್ವಿಸಿಗೆ ಫೋನ್ ಮಾಡಿದರೆ ದಸರಾ ರಶ್, ಮುಂದಿನ ವಾರ ತನ್ನಿ ಅಂದರು. ಹಾಗೇ ಮುಂದಕ್ಕೆ ಹೋಯ್ತು.

ಆಯುಧಪೂಜೆ ದಿನ ಬೆಳಿಗ್ಗೆ ಅಪ್ಪನೇ ನಿಂತು ಗಾಡಿ ತೊಳೆಸಿದರು. ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ ಬೀದಿಯಲ್ಲಿ ಒಂದು ಸುತ್ತು ಹೊರಟೆವು. ತಿರುವು ದಾಟೋ ಹೊತ್ತಿಗೆ ಎರಡು ದೀಪ ಒಟ್ಟಿಗೆ ಹತ್ತಿದವು. ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಎಳೆಯಲ್ಲ. ಇಪ್ಪತ್ತರಲ್ಲಿ ತೆವಳ್ತಾ ಮನೆಗೆ ಬಂತು. ಬೀದಿಯವರೆಲ್ಲ ಅವರವರ ಗಾಡಿ ಪೂಜೆ ಮಾಡ್ತಾ ಹೊರಗೇ ಇದ್ದರು. ಎಲ್ಲರೂ ನೋಡಿದರು. ಅಪ್ಪ ಒಂದು ಮಾತೂ ಆಡದೆ ಒಳಗೆ ಹೋಗಿ ಕೂತರು. ಜಂಬೂಸವಾರಿ ನೋಡೋಕೆ ಅಂತ ಊರಿಂದ ನೆಂಟರು ಬಂದಿದ್ದರು. ಮಾರನೇ ದಿನ ಅವರನ್ನೆಲ್ಲ ಆಟೋದಲ್ಲಿ ಕಳಿಸಿದೆ. ಸರ್ವಿಸ್ ಸೆಂಟರ್ ರಜೆ. ಮೂರನೇ ತಾರೀಕು ಟೋಯಿಂಗ್ ಗಾಡಿ ಬಂದು, ಒಣಗಿದ ಹಾರದ ಸಮೇತ ಎತ್ತಿಕೊಂಡು ಹೋಯ್ತು.

ಈಗ ಸರ್ವಿಸ್ ಅಡ್ವೈಸರ್ ಮಾತು ಕೇಳಿ.

ಕಂಪ್ಯೂಟರ್ ಹಾಕಿ ನೋಡಿದ. "ಡಿಪಿಎಫ್ ಚೋಕ್ ಆಗಿದೆ ಸರ್. ಸಿಟಿಯಲ್ಲೇ ಓಡಿಸ್ತೀರಾ?" ಹೌದು ಅಂದೆ. ಡಿಪ್‌ಸ್ಟಿಕ್ ಎಳೆದು ತೋರಿಸಿದ. ಆಯಿಲ್ ಮೇಲಿನ ಗುರುತು ದಾಟಿ ಬೆರಳಗಲ ಮೇಲೆ ನಿಂತಿದೆ, ನೀರಿನ ಹಾಗೆ ತೆಳ್ಳಗೆ, ಡೀಸೆಲ್ ವಾಸನೆ. ಆಮೇಲೆ ನನ್ನ ಗಾಡಿಯ ಗ್ಲೋವ್ ಬಾಕ್ಸ್ ತೆಗೆದು, ನನ್ನ ಗಾಡಿಯ ಪುಸ್ತಕವನ್ನೇ ಪ್ಲಾಸ್ಟಿಕ್ ಕವರಿನಿಂದ ಈಚೆ ಎಳೆದು, ಹುಡುಕದೆ ನೇರವಾಗಿ ಆ ಪುಟಕ್ಕೇ ಬೆರಳಿಟ್ಟ. ದಿನಾ ಹತ್ತು ಜನಕ್ಕೆ ತೋರಿಸಿ ರೂಢಿಯಾದ ಕೈ ಅದು. ಕಡಿಮೆ ದೂರ, ಕಡಿಮೆ ವೇಗದಲ್ಲೇ ಪದೇ ಪದೇ ಓಡಿಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ ಅಂತ ಅಚ್ಚಾಗಿದೆ.

"ಇದರಲ್ಲೇ ಇದೆಯಲ್ಲ ಸರ್. ನೀವು ಓದಿಲ್ವಾ?"

ಆ ಕ್ಷಣ ನನಗೆ ಮೈಯೆಲ್ಲ ಉರಿದುಹೋಯ್ತು. ದುಡ್ಡು ಕೊಡೋವರೆಗೆ ಯಾರೂ ಈ ಪುಟ ತೋರಿಸಲಿಲ್ಲ. ದುಡ್ಡು ಕೊಟ್ಟ ಮೇಲೆ ಮೊದಲು ತೋರಿಸೋದೇ ಈ ಪುಟ. ಪಕ್ಕದಲ್ಲಿ ಇನ್ನಿಬ್ಬರು ಕಸ್ಟಮರ್ ನಿಂತಿದ್ದರು. ಅವರೆದುರು ನಾನು ಓದು ಬರಹ ಇಲ್ಲದವನ ಥರ ನಿಂತಿದ್ದೆ.

ವಾರಂಟಿ ಕೇಳಿದೆ. "ಇದು ಡ್ರೈವಿಂಗ್ ಪ್ಯಾಟರ್ನ್ ಸರ್, ವಾರಂಟಿಯಲ್ಲಿ ಬರಲ್ಲ." ಮಷಿನ್ ಹಾಕಿ ಮಸಿ ಸುಟ್ಟರು, ಆಯಿಲ್ ಬದಲಾಯಿಸಿದರು. ಬಿಲ್ಲು 14,260 ರೂಪಾಯಿ. ಆರು ತಿಂಗಳ ಗಾಡಿಗೆ. ಮುಂದಿನ ಸಲ ಫಿಲ್ಟರೇ ಬದಲಾಯಿಸಬೇಕಾದರೆ ಎಷ್ಟು ಅಂದೆ. "ಲಕ್ಷದ ಮೇಲೆ ಆಗುತ್ತೆ ಸರ್" ಅಂದ, ತಲೆ ಎತ್ತದೆ.

ಅಲ್ಲಿಂದ ನೇರ ಸೇಲ್ಸ್ ಮ್ಯಾನೇಜರ್ ಹತ್ತಿರ ಹೋದೆ. "ಸೇಲ್ಸ್ ಬೇರೆ, ಸರ್ವಿಸ್ ಬೇರೆ ಸರ್." ನಿಮ್ಮ ಹುಡುಗ ನನಗೆ ಹೇಳಲಿಲ್ಲ ಅಂದೆ. ಒಂದು ಫೈಲ್ ತೆಗೆಸಿದರು. ಡೆಲಿವರಿ ದಿನ ಹಾರ, ಕೇಕು, ಫೋಟೋ ಗಲಾಟೆಯಲ್ಲಿ ಹದಿನೈದು ಇಪ್ಪತ್ತು ಕಡೆ ಸೈನ್ ಹಾಕಿಸಿಕೊಂಡಿದ್ದರಲ್ಲ, ಅದರಲ್ಲಿ ಒಂದು ಹಾಳೆ. ಗ್ರಾಹಕರಿಗೆ ವಿವರಿಸಲಾಗಿದೆ ಅಂತ ಸಾಲು ಸಾಲು. ಹದಿನಾಲ್ಕನೇ ಸಾಲು ಡಿಪಿಎಫ್. ಅದರ ಮುಂದೆ ರೈಟ್ ಮಾರ್ಕ್. ಕೆಳಗೆ ನನ್ನ ಸೈನ್. ರೈಟ್ ಮಾರ್ಕ್ ಹಾಕಿದ್ದು ನಾನಲ್ಲ. ಅದೇ ನೀಲಿ ಪೆನ್ನು.

ಸೇಲ್ಸ್ ಹುಡುಗನಿಗೆ ವಾಟ್ಸಾಪ್ ಮಾಡಿದೆ. ಸಂಜೆ ಉತ್ತರ ಬಂತು: "ಸರ್ ನಾನು ಸಜೆಶನ್ ಮಾತ್ರ ಕೊಟ್ಟಿದ್ದು. ಡಿಸಿಷನ್ ನಿಮ್ದು." ಆಮೇಲೆ ಫೋನ್ ಎತ್ತಲಿಲ್ಲ.

ರಾತ್ರಿ ಆ ಬ್ರೋಷರ್ ಹುಡುಕಿ ತೆಗೆದೆ. ಹಿಂದಿನ ಪುಟದ ಲೆಕ್ಕ ಮತ್ತೆ ನೋಡಿದೆ. ಮೇಲ್ಗಡೆ ಮೂಲೆಯಲ್ಲಿ ಸಣ್ಣಕ್ಕೆ 2000 ಅಂತ ಬರೆದಿದ್ದ. ತಿಂಗಳಿಗೆ 2000 ಕಿಲೋಮೀಟರ್! ನಾನು ಹೇಳಿದ್ದು 500. ನನ್ನೆದುರೇ, ನನ್ನ ಕಣ್ಣೆದುರೇ 2000 ಬರೆದು ಲೆಕ್ಕ ಮಾಡಿದ. ನಾನು ತಲೆ ಆಡಿಸಿದೆ.

ಸರಿಯಾದ ಲೆಕ್ಕ ನಾನೇ ಹಾಕಿದೆ. ನಾನು ನೋಡಿದ ಮಾಡೆಲ್‌ನಲ್ಲಿ ಡೀಸೆಲ್ಲಿಗೆ ಒಂದೂವರೆ ಲಕ್ಷ ಜಾಸ್ತಿ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ 17 ಪರ್ಸೆಂಟ್, ಅದರ ಮೇಲೆ ಸೆಸ್. ಹಾಗಾಗಿ ಆ ಒಂದೂವರೆ ಲಕ್ಷಕ್ಕೂ ಟ್ಯಾಕ್ಸ್ ಕಟ್ಟಿದ್ದೇನೆ, ಇನ್ಶೂರೆನ್ಸೂ ಜಾಸ್ತಿ ಕಟ್ಟಿದ್ದೇನೆ. ಒಟ್ಟು 1 ಲಕ್ಷ 80 ಸಾವಿರದ ಹತ್ತಿರ. ಊರೊಳಗೆ ಪೆಟ್ರೋಲ್ 11, ಡೀಸೆಲ್ 14 ಮೈಲೇಜು ಅಂತ ಇಟ್ಟುಕೊಳ್ಳಿ. ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಅಂತ ಹಿಡಿದರೆ 500 ಕಿಲೋಮೀಟರಿಗೆ ಉಳಿಯೋದು ತಿಂಗಳಿಗೆ 1,430 ರೂಪಾಯಿ. ಕೊಟ್ಟ ದುಡ್ಡು ಎತ್ತೋಕೆ ಹತ್ತೂವರೆ ವರ್ಷ ಬೇಕು. ಒಂದೇ ಬಿಲ್ಲಿನಲ್ಲಿ ಹತ್ತು ತಿಂಗಳ ಉಳಿತಾಯ ಹೋಯ್ತು.

ಇನ್ನೊಂದು. ಆರ್‌ಸಿಯಲ್ಲಿ ಗಾಡಿ ತಯಾರಾದ ತಿಂಗಳು ನೋಡಿದೆ. ನಾನು ತಗೊಳ್ಳೋಕೆ ಏಳು ತಿಂಗಳು ಮುಂಚಿನದು. ಯಾರಿಗೂ ಬೇಡವಾಗಿ ಯಾರ್ಡಿನಲ್ಲಿ ಬಿಸಿಲು ಮಳೆ ತಿಂದಿದ್ದ ಗಾಡಿ. ಪೆಟ್ರೋಲಿಗೆ ವೇಟಿಂಗ್, ಡೀಸೆಲ್ ತಕ್ಷಣ ಅಂದಿದ್ದು ಯಾಕೆ ಅಂತ ಆಗ ಅರ್ಥ ಆಯ್ತು.

ಕೆಲವರು ಫಿಲ್ಟರನ್ನೇ ಕತ್ತರಿಸಿ ತೆಗೆಸಿಬಿಡಿ, ಸಾಫ್ಟ್‌ವೇರ್ ಬದಲಾಯಿಸೋರು ಇದ್ದಾರೆ ಅಂದರು. ಬೇಡ. ಕಾನೂನಿಗೆ ವಿರುದ್ಧ, ವಾರಂಟಿ ಪೂರ್ತಿ ಹೋಗುತ್ತೆ. ಮತ್ತೆ ಆ ಮಸಿಯನ್ನು ಉಸಿರಾಡೋದು ಸ್ಕೂಲ್ ಗೇಟಿನ ಮುಂದೆ ನಿಂತಿರೋ ನಮ್ಮ ಮಕ್ಕಳೇ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು, ಎಲ್ಲಿಗೂ ಹೋಗೋ ಕೆಲಸ ಇಲ್ಲದೆ, ಬೆಂಗಳೂರು ಹೈವೇಯಲ್ಲಿ ಶ್ರೀರಂಗಪಟ್ಟಣ ದಾಟಿ ಹೋಗಿ ವಾಪಸ್ ಬರ್ತೀನಿ. ಮಸಿ ಸುಡೋಕೆ. ಅದರ ಡೀಸೆಲ್ ದುಡ್ಡನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ.

ತಗೊಳ್ಳೋರಿಗೆ ಹೇಳೋದು ಇಷ್ಟೇ. ಶೋರೂಮಿಗೆ ಹೋಗೋ ಮುಂಚೆ ನಿಮ್ಮ ಈಗಿನ ಗಾಡಿಯ ಮೀಟರನ್ನು ಒಂದು ತಿಂಗಳು ಬರೆದಿಡಿ. ಆ ನಂಬರ್ ಹಾಕಿ ಲೆಕ್ಕ ನೀವೇ ಮಾಡಿ, ಪೆನ್ನು ಅವರ ಕೈಗೆ ಕೊಡಬೇಡಿ. ದಿನಾ ಹೈವೇ ಓಡಾಟ ಇದ್ದರೆ ಡೀಸೆಲ್ ತಗೊಳ್ಳಿ, ಧಾರಾಳವಾಗಿ ತಗೊಳ್ಳಿ. ಸ್ಕೂಲು, ಆಫೀಸು, ತರಕಾರಿ ಅಷ್ಟೇ ಆದರೆ ಬೇಡವೇ ಬೇಡ. ಅಡ್ವಾನ್ಸ್ ಕೊಡೋ ಮುಂಚೆ, ಡಿಪಿಎಫ್ ಕಟ್ಟಿಕೊಂಡರೆ ವಾರಂಟಿಯಲ್ಲಿ ಬರುತ್ತಾ ಅಂತ ವಾಟ್ಸಾಪಿನಲ್ಲಿ ಕೇಳಿ, ಉತ್ತರ ಬರೆದು ಕಳಿಸೋವರೆಗೆ ದುಡ್ಡು ಕೊಡಬೇಡಿ. ಡೆಲಿವರಿ ದಿನ ಕೇಕು ಆಮೇಲೆ ಕತ್ತರಿಸಿ, ಸೈನ್ ಹಾಕೋ ಹಾಳೆ ಮೊದಲು ಓದಿ.

1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದೆ. ಶೋರೂಮಿನವರು ಅದೇ ಸೈನ್ ಹಾಕಿದ ಹಾಳೆ ಕಳಿಸಿ ಕೈ ತೊಳೆದುಕೊಂಡರು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋಣ ಅಂತ ಈಗ ಒಬ್ಬ ವಕೀಲರನ್ನು ನೋಡಿದ್ದೇನೆ. ಬಿಲ್ಲು, ಮೆಸೇಜು ಎಲ್ಲ ತಗೊಂಡು ಹೋಗಿದ್ದೆ. ಅವರು ಮೊದಲು ಕೈ ಚಾಚಿದ್ದು 2000 ಅಂತ ಬರೆದಿರೋ ಆ ಬ್ರೋಷರಿಗೆ.