ಐದು ನಿಮಿಷದ ಅರ್ಜಿ, ದಾರ ಕಟ್ಟಿದ ಪೆನ್ಸಿಲ್: ಬ್ರಿಟನ್ನಿನ ವೋಟಿನ ವ್ಯವಸ್ಥೆ ಹೇಗಿದೆ?

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಬ್ರಿಟನ್ನಿನಲ್ಲಿ ವೋಟು ಹಾಕಬಹುದು ಎನ್ನುವುದು ಅಲ್ಲಿರುವ ಎಷ್ಟೋ ಕನ್ನಡಿಗರಿಗೆ ಗೊತ್ತಿರುವುದಿಲ್ಲ. ಭಾರತದಂಥ ಕಾಮನ್‌ವೆಲ್ತ್ ದೇಶದ ಪ್ರಜೆ, ಚಾಲ್ತಿಯಲ್ಲಿರುವ ವೀಸಾ, ವಾಸ ಅಲ್ಲೇ, ವಯಸ್ಸು 18. ಇಷ್ಟಿದ್ದರೆ ಸಾಕು, ಪಾರ್ಲಿಮೆಂಟ್ ಚುನಾವಣೆಗೂ ಸೈ. ಸ್ಟೂಡೆಂಟ್ ವೀಸಾ ಆದರೂ ನಡೆಯುತ್ತದೆ. ಆದರೆ ಭಾರತದ ನಮ್ಮ ಊರಿನ ವೋಟು ಹಾಕಬೇಕೆಂದರೆ ಅನಿವಾಸಿಗಳು 6ಎ ಫಾರಂ ತುಂಬಿ, ಮತದಾನದ ದಿನ ಖುದ್ದು ಊರಿನ ಬೂತಿಗೇ ಬರಬೇಕು. ವಿಮಾನದ ಟಿಕೆಟ್ ಲೆಕ್ಕ ಹಾಕಿದರೆ ಬ್ರಿಟನ್ನಿನ ವೋಟೇ ಅಗ್ಗ.

ನೋಂದಣಿ ಬ್ರಿಟನ್ ಸರ್ಕಾರದ ಗವ್.ಯುಕೆ ತಾಣದಲ್ಲಿ. ಒಂದು ಪುಟಕ್ಕೆ ಒಂದೇ ಪ್ರಶ್ನೆ, ದೊಡ್ಡ ಅಕ್ಷರ, ನೇರ ಇಂಗ್ಲಿಷ್. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ದುಡಿಯುವವರಿಗೆ ಸರ್ಕಾರ ಕೊಡುವ ಸಂಖ್ಯೆ) ಕೈಯಲ್ಲಿದ್ದರೆ ಐದೇ ನಿಮಿಷ. ನಂಬರ್ ಇಲ್ಲದಿದ್ದರೂ ಅರ್ಜಿ ಹಾಕಬಹುದು, ಆಮೇಲೆ ಸ್ಥಳೀಯ ಕೌನ್ಸಿಲ್‌ನವರು (ನಮ್ಮ ನಗರಸಭೆಯಂಥದ್ದು) ದಾಖಲೆ ಕೇಳುತ್ತಾರೆ. ಮತದಾನಕ್ಕೆ 12 ಕೆಲಸದ ದಿನ ಮುಂಚಿನ ಮಧ್ಯರಾತ್ರಿಯೇ ಗಡುವು.

ಎಡವುವುದು ಒಂದೇ ಕಡೆ. ಕೊನೆಗೆ ಬರುವ ಈಮೇಲ್ 'ಅರ್ಜಿ ಬಂದಿದೆ' ಎನ್ನುತ್ತದೆಯೇ ಹೊರತು 'ಹೆಸರು ಪಟ್ಟಿಗೆ ಸೇರಿದೆ' ಎನ್ನುವುದಿಲ್ಲ. ಹೆಸರು ಈಗಾಗಲೇ ಇದೆಯೋ ಇಲ್ಲವೋ ಎಂದು ಆ ತಾಣದಲ್ಲಿ ನೋಡಲೂ ಆಗದು, ಕೌನ್ಸಿಲ್ ಕಚೇರಿಗೆ ಫೋನ್ ಮಾಡಿಯೇ ಕೇಳಬೇಕು. ಹಾಗಾಗಿ ಪ್ರತಿ ಚುನಾವಣೆಗೂ ಮೊದಲೇ ಪಟ್ಟಿಯಲ್ಲಿರುವವರು ಮತ್ತೆ ಮತ್ತೆ ಅರ್ಜಿ ಹಾಕುತ್ತಾರೆ, ಅದನ್ನೆಲ್ಲ ಸೋಸುವ ಕೆಲಸ ಕೌನ್ಸಿಲ್ ಸಿಬ್ಬಂದಿಯ ತಲೆಗೆ. ಇಷ್ಟು ಚೆನ್ನಾಗಿ ಮಾಡಿದ ಸೇವೆಯಲ್ಲಿ ಇದೊಂದು ಗುಂಡಿ ಮುಚ್ಚದೆ ಬಿಟ್ಟಿದ್ದೇಕೋ.

ನಡುವೆ 'ಓಪನ್ ರಿಜಿಸ್ಟರ್' ಎಂಬ ಪ್ರಶ್ನೆ ಬರುತ್ತದೆ. ಅದು ಮತದಾರರ ಪಟ್ಟಿಯ ಮಾರಾಟದ ಪ್ರತಿ, ಯಾರು ಬೇಕಾದರೂ ಕೊಳ್ಳಬಹುದು, ಬೇಡ ಎಂದೇ ಒತ್ತಿ. ವೋಟಿನ ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಮತದಾರರ ಪೂರ್ಣ ಪಟ್ಟಿಯನ್ನು ಮಾತ್ರ ಸಾಲದ ಅರ್ಹತೆ ಅಳೆಯುವ ಕ್ರೆಡಿಟ್ ಕಂಪನಿಗಳೂ ನೋಡುತ್ತವೆ. ರಾಜಕೀಯದ ಗೊಡವೆಯೇ ಬೇಡ ಎನ್ನುವವರಿಗೂ ಮನೆಸಾಲದ ಹೊತ್ತಿಗೆ ಈ ನೋಂದಣಿ ಕೆಲಸಕ್ಕೆ ಬರುತ್ತದೆ.

ಬೂತಿನಲ್ಲಿ ಫೋಟೋ ಗುರುತು ಕೇಳುವುದು ಇಂಗ್ಲೆಂಡಿನಲ್ಲಿ ಮೇ 2023ರ ಸ್ಥಳೀಯ ಚುನಾವಣೆಯಿಂದ ಶುರುವಾಯಿತು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಅವಧಿ ಮುಗಿದಿದ್ದರೂ ಮುಖ ಹೋಲಿದರೆ ಸರಿ. ಆಧಾರ್, ಓಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರ ಕಾರ್ಡು), ಭಾರತದ ಡ್ರೈವಿಂಗ್ ಲೈಸೆನ್ಸ್ ನಡೆಯುವುದಿಲ್ಲ. ಜೆರಾಕ್ಸ್, ಮೊಬೈಲಿನ ಫೋಟೋ ಕೂಡ ಆಗದು. ನಮ್ಮವರಿಗೆ ತೊಡಕಾಗುವುದು ಇನಿಷಿಯಲ್: ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಬಿಡಿಸಿ ಬರೆದಿದ್ದರೆ ನೋಂದಣಿಯಲ್ಲೂ ಹಾಗೆಯೇ ಬರೆಯಿರಿ. ಒಂದು ಕಡೆ ಒಂದೇ ಅಕ್ಷರ, ಇನ್ನೊಂದು ಕಡೆ ಪೂರ್ತಿ ಹೆಸರು ಎಂದಾದರೆ ಮೇಜಿನ ಮುಂದೆ ವಿವರಣೆ ಕೊಡುತ್ತ ನಿಲ್ಲಬೇಕಾದೀತು. ನಡೆಯುವ ಗುರುತು ಯಾವುದೂ ಇಲ್ಲದವರಿಗೆ ಉಚಿತ ಪ್ರಮಾಣಪತ್ರ ಕೊಡುತ್ತಾರೆ, ಅರ್ಜಿಗೆ ಗಡುವು ಮತದಾನಕ್ಕೆ 6 ಕೆಲಸದ ದಿನ ಮುಂಚಿನ ಸಂಜೆ 5.

ಮತದಾನ ರೂಢಿಯಂತೆ ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10. ರಜೆ ಇರುವುದಿಲ್ಲ. ಬೂತು ಶಾಲೆಯಲ್ಲಿರಬಹುದು, ಚರ್ಚಿನಲ್ಲಿರಬಹುದು, ಕೆಲವು ಕಡೆ ಪಬ್ಬಿನಲ್ಲೂ. ಬಾಗಿಲಲ್ಲಿ ಪಕ್ಷದ ಬಣ್ಣದ ರಿಬ್ಬನ್ ಹೂ ಸಿಕ್ಕಿಸಿಕೊಂಡವರು ನಿಮ್ಮ ಮತದಾರ ಸಂಖ್ಯೆ ಕೇಳಿದರೆ ಗಾಬರಿ ಬೇಡ. ಅವರು 'ಟೆಲ್ಲರ್'ಗಳು. ತಮ್ಮ ಬೆಂಬಲಿಗರಲ್ಲಿ ಇನ್ನೂ ಬಾರದವರು ಯಾರು ಎಂದು ಲೆಕ್ಕ ಹಾಕಿ, ಸಂಜೆ ಅವರ ಮನೆ ಬಾಗಿಲು ತಟ್ಟಲು ಈ ಏರ್ಪಾಡು. ಹೇಳಲೇಬೇಕೆಂದಿಲ್ಲ, 'ಸಾರಿ' ಎಂದು ನಕ್ಕು ಒಳಗೆ ಹೋಗಬಹುದು. ಯಾರಿಗೆ ವೋಟು ಎಂದು ಅವರೂ ಕೇಳುವುದಿಲ್ಲ. ಅಕ್ಕಪಕ್ಕದ ಮನೆಯವರು, ಆಫೀಸಿನವರು ಕೇಳುವುದಂತೂ ಅಪರೂಪ. ಕಿಟಕಿಗೆ ಪೋಸ್ಟರ್ ಅಂಟಿಸಿಕೊಂಡಾರು, ಊಟದ ಮೇಜಿನಲ್ಲಿ ಮಾತ್ರ ಹವಾಮಾನದ ಮಾತೇ.

ಒಳಗೆ ಇವಿಎಂ ಇಲ್ಲ, ಬೆರಳಿಗೆ ನಮ್ಮ ಮೈಸೂರಿನ ಶಾಯಿಯಂಥದ್ದೂ ಇಲ್ಲ. ಪಟ್ಟಿಯಲ್ಲಿ ಸ್ಕೇಲ್ ಇಟ್ಟು ಹೆಸರಿನ ಮೇಲೊಂದು ಗೀಟು, ಕೈಗೊಂದು ಕಾಗದ, ಮರೆಯಲ್ಲಿ ದಾರ ಕಟ್ಟಿದ ಪೆನ್ಸಿಲ್. ಪೆನ್ಸಿಲ್ ಏಕೆಂದರೆ ಪೆನ್ನು ಒಣಗುತ್ತದೆ, ಹಸಿ ಶಾಯಿ ಮಡಿಸಿದಾಗ ಇನ್ನೊಂದು ಹೆಸರಿನ ಮೇಲೂ ಮೂಡುತ್ತದೆ. ಸ್ವಂತ ಪೆನ್ನಿಗೂ ಅಡ್ಡಿಯಿಲ್ಲ. ಪಾರ್ಲಿಮೆಂಟ್ ಚುನಾವಣೆಯಲ್ಲಿ ಒಂದೇ ಒಂದು ಕತ್ತರಿ ಗುರುತು (X) ಹಾಕಿ. ಸಹಿ ಮಾಡಿದರೆ ವೋಟು ತಿರಸ್ಕೃತ. ನೋಟಾ ಇಲ್ಲದ್ದರಿಂದ ಸಿಟ್ಟಿನವರು ಕಾಗದದ ಮೇಲೇ ಬೈಗುಳ ಬರೆದು ಮಡಿಸಿ ಹಾಕುತ್ತಾರೆ. ಅನುಮಾನದ ಮತಪತ್ರಗಳನ್ನು ಎಣಿಕೆಯ ವೇಳೆ ಅಭ್ಯರ್ಥಿಗಳಿಗೆ ತೋರಿಸಿ ತೀರ್ಮಾನಿಸುವುದರಿಂದ ಬೈಗುಳ ಒಮ್ಮೊಮ್ಮೆ ಸರಿಯಾದ ವಿಳಾಸಕ್ಕೇ ತಲುಪುತ್ತದೆ! ಬೂತಿಗೇ ಬಾರದವರ ಗುಂಪು ಇದಕ್ಕಿಂತ ಬಹಳ ದೊಡ್ಡದು. 2024ರ ಜುಲೈ 4ರ ಚುನಾವಣೆಯಲ್ಲಿ ಮತದಾನ ಶೇ. 60ರ ಆಸುಪಾಸು, 2001ರ ನಂತರ ಅತಿ ಕಡಿಮೆ.

ಇಡೀ ವ್ಯವಸ್ಥೆಯಲ್ಲಿ ಕಡಿಮೆ ಅಂಕ ಕೊಡಬೇಕಾದ್ದು ಅಂಚೆ ವೋಟಿಗೆ. ಕಾರಣ ಹೇಳದೆ ಪಡೆಯಬಹುದು ನಿಜ, ಆದರೆ ಲಕೋಟೆಯೊಳಗೆ ಲಕೋಟೆ. ಮತಪತ್ರ ಎ ಲಕೋಟೆಗೆ, ಅದೂ ಸಹಿಯ ಹೇಳಿಕೆ ಪತ್ರವೂ ಬಿ ಲಕೋಟೆಗೆ. ಹುಟ್ಟಿದ ದಿನದ ಜಾಗದಲ್ಲಿ ಆ ಹೊತ್ತಿನ ತಾರೀಖು ಬರೆದವರ, ಹೇಳಿಕೆ ಪತ್ರ ಅದಲುಬದಲಾಗಿ ಒಬ್ಬರದಕ್ಕೆ ಇನ್ನೊಬ್ಬರು ಸಹಿ ಹಾಕಿದ ಗಂಡ ಹೆಂಡತಿಯ ವೋಟು ಎಣಿಕೆಗೇ ಹೋಗದು. ಸಹಿ ಅರ್ಜಿಯಲ್ಲಿದ್ದಂತೆಯೇ ಇರಬೇಕು. ಅಲ್ಲಿ ಇಂಗ್ಲಿಷ್ ಸಹಿ ಮಾಡಿ ಇಲ್ಲಿ ಕನ್ನಡದಲ್ಲಿ ಮಾಡಿದರೆ ಕೆಟ್ಟಿತು. ಅಂಚೆಗೆ ತಡವಾಯಿತೆಂದು ಕೌನ್ಸಿಲ್ ಕಚೇರಿಯ ಅಂಚೆ ಪೆಟ್ಟಿಗೆಗೆ ತುರುಕಬೇಡಿ, ಮೇ 2024ರಿಂದ ಅದನ್ನು ತಿರಸ್ಕರಿಸುತ್ತಾರೆ. ಮತದಾನದ ದಿನ ರಾತ್ರಿ 10ರೊಳಗೆ ನಿಮ್ಮ ಕ್ಷೇತ್ರದ ಬೂತಿಗೆ ಒಯ್ದು, ಅಲ್ಲಿನ ಫಾರಂ ತುಂಬಿ ಸಿಬ್ಬಂದಿಯ ಕೈಗೇ ಕೊಡಿ.